ಸಾವಿರ ರೂಪಾಯಿಯ ಜಾಹೀರಾತು: ಸಣ್ಣ ಊರಿನ ವ್ಯಾಪಾರಿಗೆ ಒಂದು ಲೆಕ್ಕ

ಅಂಗಡಿಯ ಫೇಸ್‌ಬುಕ್ ಪುಟದಲ್ಲಿ ಒಂದು ಫೋಟೊ ಹಾಕಿದರೆ ಸಾಕು, ಅದರ ಕೆಳಗೇ ‘ಬೂಸ್ಟ್ ಪೋಸ್ಟ್’ ಎಂಬ ಬಟನ್ ಬಂದು ಕೂರುತ್ತದೆ. ಐನೂರು ರೂಪಾಯಿ ಕೊಡಿ, ಇಷ್ಟು ಸಾವಿರ ಜನರಿಗೆ ತೋರಿಸುತ್ತೇವೆ ಎನ್ನುತ್ತದೆ. ಒತ್ತುತ್ತೇವೆ. ಎರಡು ದಿನದಲ್ಲಿ ಮುನ್ನೂರು ಲೈಕ್ ಬರುತ್ತದೆ, ನಾಲ್ಕಾರು ಜನ ‘ಸೂಪರ್’ ಎಂದು ಬರೆಯುತ್ತಾರೆ, ಅಂಗಡಿಗೆ ಮಾತ್ರ ಒಬ್ಬರೂ ಬರುವುದಿಲ್ಲ. ಲೈಕ್ ಒತ್ತಿದವರ ಊರು ನೋಡಿದರೆ ಒಬ್ಬರದು ಬೀದರ್, ಇನ್ನೊಬ್ಬರದು ಕಾರವಾರ. ನಮ್ಮ ಚಿತ್ರದುರ್ಗ ಜಿಲ್ಲೆಯ ಧರ್ಮಪುರದಲ್ಲಾಗಲಿ ಹೊಸದುರ್ಗ, ಹೊಳಲ್ಕೆರೆಗಳಲ್ಲಾಗಲಿ, ಸೀರೆ ಅಂಗಡಿ, ನರ್ಸರಿ, ಗಾಣದ ಎಣ್ಣೆ, ಹನಿ ನೀರಾವರಿ ಪೈಪಿನ ವ್ಯಾಪಾರ ಮಾಡುವವರ ದೂರು ಇದೇ: ದುಡ್ಡು ಹೋಯಿತು, ಗಿರಾಕಿ ಬರಲಿಲ್ಲ.

ಈ ದೂರನ್ನು ನಾನು ಹಗುರವಾಗಿ ನೋಡುವುದಿಲ್ಲ. ದಿನಕ್ಕೆ ಇನ್ನೂರು ಮುನ್ನೂರು ರೂಪಾಯಿ ಲಾಭ ಕಾಣುವ ಅಂಗಡಿಗೆ ಐನೂರು ಎಂದರೆ ಎರಡು ದಿನದ ದುಡಿಮೆ. ಆದರೆ ಎಲ್ಲವನ್ನೂ ‘ಮೋಸ’ ಎಂದು ತಳ್ಳಿಹಾಕುವುದೂ ಸರಿಯಲ್ಲ. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್ಆ್ಯಪ್ ಮೂರನ್ನೂ ನಡೆಸುವ ಮೆಟಾ ಕಂಪನಿಯ ಜಾಹೀರಾತು ಯಂತ್ರ ಕೇಳಿದ್ದನ್ನೇ ಕೊಡುತ್ತದೆ. ಲೈಕ್ ಕೇಳಿದರೆ, ಕಂಡದ್ದಕ್ಕೆಲ್ಲ ಲೈಕ್ ಒತ್ತುವ ಅಭ್ಯಾಸದವರನ್ನು ಹುಡುಕಿ ತರುತ್ತದೆ. ಅಂಥವರು ಎಣ್ಣೆ ಕೊಳ್ಳುವವರೇ ಆಗಿರಬೇಕಿಲ್ಲ. ಕೋಟಿಗಟ್ಟಲೆ ಜನರಿಗೆಂದು ಕಟ್ಟಿದ ಈ ಯಂತ್ರ ನಮ್ಮ ಹೋಬಳಿಯ ಅಳತೆಗೆ ತಾನಾಗಿ ಹೊಂದಿಕೊಳ್ಳುವುದಿಲ್ಲ. ಎಲ್ಲಿ ತೋರಿಸಬೇಕು, ಏನು ಕೇಳಬೇಕು, ಬಂದವರಿಗೆ ಏನು ಉತ್ತರ ಕೊಡಬೇಕು ಎಂಬುದನ್ನು ನಾವೇ ಕೈಯಾರೆ ಕೂರಿಸಬೇಕು.

ಮೊದಲ ಕೆಲಸ, ಬೂಸ್ಟ್ ಬಟನ್ ಬಿಟ್ಟು ‘ಆ್ಯಡ್ಸ್ ಮ್ಯಾನೇಜರ್’ ತೆರೆಯುವುದು. ಲ್ಯಾಪ್‌ಟಾಪ್ ಇದ್ದರೆ ಒಳ್ಳೆಯದು, ಮೊಬೈಲ್ ಬ್ರೌಸರಿನಲ್ಲೂ ನಡೆಯುತ್ತದೆ. ಅಲ್ಲಿ ಆರು ಉದ್ದೇಶಗಳ ಪಟ್ಟಿ ಇರುತ್ತದೆ: ಅವೇರ್‌ನೆಸ್, ಟ್ರಾಫಿಕ್, ಎಂಗೇಜ್‌ಮೆಂಟ್, ಲೀಡ್ಸ್, ಆ್ಯಪ್ ಪ್ರಮೋಷನ್, ಸೇಲ್ಸ್. ವೆಬ್‌ಸೈಟ್ ಇಲ್ಲದ ಅಂಗಡಿಗೆ ಇವುಗಳಲ್ಲಿ ನೇರವಾಗಿ ಕೆಲಸಕ್ಕೆ ಬರುವುದು ಎಂಗೇಜ್‌ಮೆಂಟ್. ಅದರೊಳಗೆ ಮೆಸೇಜ್ ಎಂಬುದನ್ನು ಆರಿಸಿ, ವಾಟ್ಸ್ಆ್ಯಪ್ ಬಿಸಿನೆಸ್ ನಂಬರ್ ಜೋಡಿಸಿ. ಜಾಹೀರಾತು ಒತ್ತಿದವರು ನೇರವಾಗಿ ನಿಮ್ಮ ವಾಟ್ಸ್ಆ್ಯಪಿಗೆ ಬಂದು ಬೀಳುತ್ತಾರೆ. ಲೈಕಿನ ಲೆಕ್ಕ ಅಲ್ಲಿಗೆ ಮುಗಿಯಿತು. ಇನ್ನು ಎಣಿಸಬೇಕಾದದ್ದು ಮಾತಿಗೆ ಬಂದವರನ್ನು. ಬೂಸ್ಟೇ ಸಲೀಸು ಎನ್ನುವವರು ಕನಿಷ್ಠ ಅದರೊಳಗಿನ ‘ಗೋಲ್’ ಎಂಬುದನ್ನಾದರೂ ಮೆಸೇಜಿಗೆ ಬದಲಿಸಿಕೊಳ್ಳಿ.

ಟ್ರಾಫಿಕ್ ಉದ್ದೇಶದ ಬಗ್ಗೆ ಒಂದು ಎಚ್ಚರ. ಅದರಲ್ಲಿ ‘ಆಡಿಯನ್ಸ್ ನೆಟ್‌ವರ್ಕ್’ ಎಂಬುದು ಸೇರಿಕೊಂಡರೆ ನಿಮ್ಮ ಜಾಹೀರಾತು ಫೇಸ್‌ಬುಕ್ಕಿನ ಹೊರಗೆ ಯಾವುದೋ ಗೇಮ್ ಆ್ಯಪಿನೊಳಗೂ ಕಾಣಿಸಿಕೊಳ್ಳುತ್ತದೆ. ಮಕ್ಕಳು ಆಡುತ್ತಾ ಬೆರಳು ತಾಗಿಸಿದ್ದೂ ಕ್ಲಿಕ್ ಎಂದೇ ಎಣಿಕೆಯಾಗುತ್ತದೆ. ಸಣ್ಣ ಬಜೆಟ್ಟಿನವರು ಪ್ಲೇಸ್‌ಮೆಂಟಿನಲ್ಲಿ ಅದನ್ನು ತೆಗೆದುಬಿಡಿ.

ಈಗ ಜಾಗದ ವಿಷಯ. ನಮ್ಮ ಸೀಮೆಯವರು ಹೆಚ್ಚು ದುಡ್ಡು ಕಳೆದುಕೊಳ್ಳುವುದು ಇಲ್ಲೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ. ನಕ್ಷೆಯ ಮೇಲೆ ಪಿನ್ ಹಾಕಿ ಸುತ್ತ ಎಷ್ಟು ಕಿಲೋಮೀಟರ್ ಎಂದು ವೃತ್ತ ಎಳೆಯಬಹುದು, 80 ಕಿಲೋಮೀಟರಿನವರೆಗೂ. ಧರ್ಮಪುರಕ್ಕೆ ಪಿನ್ ಹಾಕಿ 40 ಕಿಲೋಮೀಟರ್ ಎಳೆದರೆ ಏನಾಗುತ್ತದೆ ನೋಡಿ. ಪಶ್ಚಿಮಕ್ಕೆ ಹಿರಿಯೂರು ಕಡೆ, ಉತ್ತರಕ್ಕೆ ಪರಶುರಾಂಪುರದ ಕಡೆ ಸಿಗುತ್ತವೆ, ಸರಿ. ಪೂರ್ವ ಮತ್ತು ಆಗ್ನೇಯಕ್ಕೆ ಅದೇ ವೃತ್ತ ಗಡಿ ದಾಟಿ ಆಂಧ್ರದ ಅಮರಾಪುರ, ಹೇಮಾವತಿ, ಮಡಕಶಿರಾ ಕಡೆಗೆ ಚಾಚುತ್ತದೆ. ಗಡಿಯಾಚೆಯವರು ಬೇಡವೆಂದಲ್ಲ. ಹೇಮಾವತಿ ಎಂದರೆ ನೊಳಂಬರ ಹೆಂಜೇರು. ಆ ಭಾಗದಲ್ಲಿ ಕನ್ನಡ ಮನೆಮಾತಿನವರು ಇಂದಿಗೂ ಇದ್ದಾರೆ, ನಮ್ಮ ಸಂತೆಗೂ ಬರುತ್ತಾರೆ, ಬೀಗತನವೂ ಉಂಟು. ಬಂದು ಕೊಳ್ಳುವಂಥ ಸರಕು, ಅಂದರೆ ಬಟ್ಟೆ, ಒಡವೆ, ಟಿಲ್ಲರ್ ರಿಪೇರಿ ನಿಮ್ಮದಾದರೆ ಅಮರಾಪುರವನ್ನು ಖಂಡಿತ ಸೇರಿಸಿ. ಮನೆಗೆ ತಲುಪಿಸುವ ವ್ಯಾಪಾರವಾದರೆ ರಾಜ್ಯ ದಾಟಿಸುವ ಸಾಗಣೆ, ಬಿಲ್ಲು ಎಲ್ಲ ಲೆಕ್ಕ ಹಾಕಿ ತೀರ್ಮಾನಿಸಿ. ಬೇಡವಾದರೆ ಅದೇ ನಕ್ಷೆಯಲ್ಲಿ ‘ಎಕ್ಸ್‌ಕ್ಲೂಡ್’ ಆರಿಸಿ ಆ ಊರುಗಳ ಮೇಲೆ ಇನ್ನೊಂದು ಪಿನ್ ಹಾಕಿದರೆ ಹೊರಗುಳಿಯುತ್ತವೆ. ಒಂದೇ ದೊಡ್ಡ ವೃತ್ತಕ್ಕಿಂತ ಧರ್ಮಪುರ, ಹರಿಯಬ್ಬೆ, ಪಿ.ಡಿ. ಕೋಟೆ ಎಂದು ನಾಲ್ಕೈದು ಸಣ್ಣ ವೃತ್ತಗಳನ್ನು ಹಾಕುವುದೇ ನನ್ನ ಮಟ್ಟಿಗೆ ಸರಿ.

ಹಿರಿಯೂರು ಪಟ್ಟಣದ ತೊಡಕು ಬೇರೆ. 48ನೇ ರಾಷ್ಟ್ರೀಯ ಹೆದ್ದಾರಿ ಊರಿಗೆ ತಾಗಿಕೊಂಡೇ ಹೋಗುತ್ತದೆ, ಬಳ್ಳಾರಿ ಕಡೆಯ ರಸ್ತೆಯೂ ಅಲ್ಲೇ ಕೂಡುತ್ತದೆ. ಮೆಟಾ ಈಗ ‘ಇಲ್ಲಿ ವಾಸಿಸುವವರು ಮಾತ್ರ’ ಎಂದು ಆರಿಸಲು ಬಿಡುವುದಿಲ್ಲ. ಆ ಆಯ್ಕೆಯನ್ನು 2023ರಲ್ಲಿ ತೆಗೆದುಹಾಕಿತು. ವಾಸಿಸುವವರು ಮತ್ತು ಇತ್ತೀಚೆಗೆ ಆ ಜಾಗದಲ್ಲಿ ಇದ್ದವರು, ಇಬ್ಬರೂ ಒಟ್ಟಿಗೇ ಬರುತ್ತಾರೆ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ಬಸ್ಸು ಹಿರಿಯೂರಿನಲ್ಲಿ ಚಹಾಕ್ಕೆ ನಿಂತರೆ ಒಳಗಿರುವವರೂ ನಿಮ್ಮ ಲೆಕ್ಕಕ್ಕೆ ಸೇರಬಹುದು. ಹೋಟೆಲ್, ಡಾಬಾ, ಪಂಕ್ಚರ್ ಅಂಗಡಿಯವರಿಗೆ ಅದು ಲಾಭ. ಟ್ಯೂಷನ್ ಕ್ಲಾಸಿನವರಿಗೆ, ಹಾಲಿನ ಡೇರಿಯವರಿಗೆ ಬರೀ ನಷ್ಟ. ಇದಕ್ಕೆ ಸೆಟ್ಟಿಂಗಿನಲ್ಲಿ ಪರಿಹಾರವಿಲ್ಲ, ಜಾಹೀರಾತಿನ ಮಾತಿನಲ್ಲಿದೆ. ಮೊದಲ ಸಾಲಿನಲ್ಲೇ ಊರಿನ ಹೆಸರು, ಬೀದಿಯ ಹೆಸರು ಹಾಕಿದರೆ ಹಾದುಹೋಗುವವರು ತಾವಾಗಿ ಸ್ಕ್ರೋಲ್ ಮಾಡಿಕೊಂಡು ಮುಂದೆ ಹೋಗುತ್ತಾರೆ.

ಭಾಷೆಯ ಕಾಲಂ ಖಾಲಿ ಬಿಡಿ. ‘ಕನ್ನಡ’ ಎಂದು ತುಂಬಿದರೆ ಕನ್ನಡ ಬಲ್ಲವರೆಲ್ಲ ಸಿಗುತ್ತಾರೆಂದು ಬಹಳ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಆ ಕಾಲಂ ಮುಖ್ಯವಾಗಿ ನೋಡುವುದು ಆ್ಯಪನ್ನು ಯಾವ ಭಾಷೆಯಲ್ಲಿ ಇಟ್ಟುಕೊಂಡಿದ್ದಾರೆ ಎಂಬುದನ್ನು. ನಮ್ಮ ಹಳ್ಳಿಗಳಲ್ಲೂ ಫೋನು ಇಂಗ್ಲಿಷಿನಲ್ಲೇ ಇದ್ದು ವಿಡಿಯೊ ಮಾತ್ರ ಕನ್ನಡದಲ್ಲಿ ನೋಡುವವರೇ ಹೆಚ್ಚು. ಅವರೆಲ್ಲ ತಪ್ಪಿಹೋಗುತ್ತಾರೆ.

ಜಾಗ ಸಣ್ಣದಾದಾಗ ಇನ್ನೊಂದು ಕಷ್ಟ ಬರುತ್ತದೆ. 2011ರ ಜನಗಣತಿಯಂತೆ ಇಡೀ ಚಿತ್ರದುರ್ಗ ಜಿಲ್ಲೆಯ ಜನಸಂಖ್ಯೆಯೇ 16.59 ಲಕ್ಷ, ಒಂದು ಹೋಬಳಿಯ ಪಾಲು ಎಷ್ಟಿದ್ದೀತು ಎಂದು ಊಹಿಸಬಹುದು. ಯಾರು ಕೊಳ್ಳಬಹುದು ಎಂಬುದನ್ನು ಯಂತ್ರ ಕಲಿಯುವ ಅವಧಿಗೆ ಮೆಟಾ ‘ಲರ್ನಿಂಗ್’ ಎನ್ನುತ್ತದೆ, ಅದಕ್ಕೆ ವಾರದಲ್ಲಿ ಸುಮಾರು 50 ಫಲಿತಾಂಶ ಬೇಕು. ದಿನಕ್ಕೆ ನೂರಿನ್ನೂರು ರೂಪಾಯಿ ಹಾಕುವ ಅಂಗಡಿಗೆ ಅದು ಸಿಗುವುದು ಅಪರೂಪ, ಪರದೆಯ ಮೇಲೆ ‘ಲರ್ನಿಂಗ್ ಲಿಮಿಟೆಡ್’ ಎಂದು ಬರುತ್ತದೆ. ಗಾಬರಿ ಬೇಡ. ಇರುವ ದುಡ್ಡನ್ನು ಹೆಂಗಸರಿಗೊಂದು, ಗಂಡಸರಿಗೊಂದು, ಯುವಕರಿಗೊಂದು ಎಂದು ಹರಿದು ಹಂಚಬೇಡಿ. ಒಂದು ಕ್ಯಾಂಪೇನ್, ಅದರಲ್ಲಿ ಒಂದೇ ಆ್ಯಡ್ ಸೆಟ್, ಒಳಗೆ ಎರಡು ಮೂರು ಬೇರೆ ಬೇರೆ ವಿಡಿಯೊ, ಅಷ್ಟೇ. ಓಡುತ್ತಿರುವಾಗ ದಿನಾ ಬಜೆಟ್ ಬದಲಿಸಿದರೆ, ಚಿತ್ರ ಬದಲಿಸಿದರೆ ಕಲಿಕೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಐದಾರು ದಿನ ಕೈ ಕಟ್ಟಿ ಕೂರಬೇಕು. ಆಮೇಲೆ ‘ಫ್ರೀಕ್ವೆನ್ಸಿ’ ಎಂಬ ಅಂಕಿ ನೋಡಿ. ಒಬ್ಬರೇ ಎಷ್ಟು ಸಲ ನೋಡಿದರು ಎಂಬುದು ಅದು. ವಾರದಲ್ಲಿ ನಾಲ್ಕು ದಾಟಿದ್ದರೆ ನೋಡಿದವರೇ ನೋಡುತ್ತಿದ್ದಾರೆ ಎಂದರ್ಥ, ಹೊಸ ವಿಡಿಯೊ ಹಾಕುವ ಹೊತ್ತು.

ದುಡ್ಡಿನ ವಿಚಾರದಲ್ಲಿ ಬಹಳ ಜನರಿಗೆ ಗೊತ್ತಿಲ್ಲದ್ದು ಶೇ 18ರ ಜಿಎಸ್‌ಟಿ. ಯುಪಿಐ ಮೂಲಕ ಮುಂಗಡ ಸಾವಿರ ರೂಪಾಯಿ ತುಂಬಿದರೆ ತೆರಿಗೆ ಅದರೊಳಗಿಂದಲೇ ಹೋಗುತ್ತದೆ. ಜಾಹೀರಾತಿಗೆ ಉಳಿಯುವುದು ಸುಮಾರು 847 ರೂಪಾಯಿ. ಜಿಎಸ್‌ಟಿ ನೋಂದಣಿ ಇದ್ದವರು ಬಿಲ್ಲಿಂಗ್ ಸೆಟ್ಟಿಂಗಿನಲ್ಲಿ ತಮ್ಮ ನಂಬರ್ ಹಾಕಿದರೆ ಇನ್‌ಪುಟ್ ಕ್ರೆಡಿಟ್ ಪಡೆಯಬಹುದು, ಕಾಂಪೊಸಿಷನ್ ಸ್ಕೀಮಿನವರಿಗೆ ಆ ಸೌಲಭ್ಯವಿಲ್ಲ. ಕಾರ್ಡು ಜೋಡಿಸಿ ಪರದಾಡುವುದಕ್ಕಿಂತ ಯುಪಿಐ ಮುಂಗಡವೇ ವಾಸಿ. ತಾನಾಗಿ ಕಡಿತವಾಗುವ ಕಾರ್ಡ್ ಪಾವತಿಗೆ ರಿಸರ್ವ್ ಬ್ಯಾಂಕ್ 2021ರ ಅಕ್ಟೋಬರ್ 1ರಿಂದ ಹೆಚ್ಚುವರಿ ದೃಢೀಕರಣ ಕಡ್ಡಾಯ ಮಾಡಿದ ಮೇಲೆ ‘ಪೇಮೆಂಟ್ ಫೇಲ್ಡ್’ ಎಂದು ಜಾಹೀರಾತು ನಡುವೆಯೇ ನಿಂತುಬಿಡುವ ಕಾಟ ಹೆಚ್ಚಾಯಿತು. ಮುಂಗಡದಲ್ಲಿ ಇನ್ನೊಂದು ನೆಮ್ಮದಿ: ತುಂಬಿದ್ದಕ್ಕಿಂತ ಹೆಚ್ಚು ಹೋಗದು. 2023ರ ಏಪ್ರಿಲ್ 23ರಂದು ಮೆಟಾದ ತಾಂತ್ರಿಕ ದೋಷದಿಂದ ಎಷ್ಟೋ ಜಾಹೀರಾತುದಾರರ ಇಡೀ ದಿನದ ಬಜೆಟ್ ಕೆಲವೇ ಗಂಟೆಗಳಲ್ಲಿ ಕರಗಿಹೋಗಿತ್ತು. ಕಾರ್ಡ್ ಬಳಸಲೇಬೇಕಾದವರು ‘ಅಕೌಂಟ್ ಸ್ಪೆಂಡಿಂಗ್ ಲಿಮಿಟ್’ ಹಾಕಿ ಮುಂದುವರಿಯಿರಿ.

ಕಾಲವೂ ಬೆಲೆಯನ್ನು ಏರಿಳಿಸುತ್ತದೆ. ಜಾಹೀರಾತಿನ ಜಾಗ ಹರಾಜಿನಲ್ಲಿ ಹೋಗುವಂಥದ್ದು. ದಸರಾ, ದೀಪಾವಳಿಯ ಹೊತ್ತಿಗೆ ಫ್ಲಿಪ್‌ಕಾರ್ಟ್, ಅಮೆಜಾನ್ ಕೋಟಿಗಟ್ಟಲೆ ಸುರಿಯುತ್ತವೆ, ಅದೇ ಹರಾಜಿನಲ್ಲಿ ನಮ್ಮ ಇನ್ನೂರು ರೂಪಾಯಿಯೂ ಕೂಗಬೇಕು. ಶೇಂಗಾ ಕಿತ್ತು ಕೈಯಲ್ಲಿ ಕಾಸಾಡುವ ಕಾಲವೂ ಅದರ ಆಸುಪಾಸೇ. ಹಬ್ಬದ ವಾರ ಬಿಟ್ಟು, ಅದಕ್ಕೆ ಹದಿನೈದು ದಿನ ಮೊದಲು ಇಲ್ಲವೇ ಹಬ್ಬ ಕಳೆದ ಮೇಲೆ ಹಾಕಿದರೆ ಅದೇ ದುಡ್ಡಿಗೆ ಹೆಚ್ಚು ಜನ ಸಿಗುತ್ತಾರೆ.

ಜಾಹೀರಾತು ಹೇಗಿರಬೇಕು ಎಂಬುದಕ್ಕೆ ಗಾಣದ ಎಣ್ಣೆಯನ್ನೇ ತೆಗೆದುಕೊಳ್ಳೋಣ. ಚಳ್ಳಕೆರೆಯನ್ನು ಎಣ್ಣೆ ನಗರಿ ಎಂದು ಕರೆದ ಸೀಮೆ ಇದು, ಜನಕ್ಕೆ ಶೇಂಗಾ ಎಣ್ಣೆಯ ಬಣ್ಣ, ವಾಸನೆ ಯಾರೂ ಕಲಿಸಬೇಕಿಲ್ಲ. ಆದರೂ ಹೆಚ್ಚಿನ ಪೋಸ್ಟರುಗಳು ಹೀಗಿರುತ್ತವೆ: ‘ಶುದ್ಧ ಗಾಣದ ಎಣ್ಣೆ. ಉತ್ತಮ ಗುಣಮಟ್ಟ. ಆರೋಗ್ಯಕ್ಕೆ ಹಿತಕರ. ಇಂದೇ ಸಂಪರ್ಕಿಸಿ.’ ಹಿಂದೆ ಒಂದು ಸೂರ್ಯಕಾಂತಿ ಹೂವಿನ ಚಿತ್ರ. ಇದು ಯಾವ ಊರಿನ ಯಾರ ಎಣ್ಣೆಯೂ ಆಗಬಹುದು. ಅದನ್ನೇ ಹೀಗೆ ಬರೆಯಬಹುದು:

‘ಧರ್ಮಪುರ, ಹರಿಯಬ್ಬೆ ಸುತ್ತಿನವರಿಗೆ. ಸೋಮವಾರ ಗಾಣದಲ್ಲಿ ತೆಗೆದ ಶೇಂಗಾ ಎಣ್ಣೆ, ಲೀಟರಿಗೆ 300 ರೂಪಾಯಿ. ನಿಮ್ಮ ಕಾಯಿ ತಂದರೆ ನಿಮ್ಮೆದುರೇ ತೆಗೆದುಕೊಡುತ್ತೇವೆ. ಬಸ್ ಸ್ಟ್ಯಾಂಡ್ ಹಿಂಭಾಗ, ಬೆಳಿಗ್ಗೆ 8ರಿಂದ ಸಂಜೆ 6. ಹಿರಿಯೂರಿಗೆ ಶನಿವಾರ ನಾವೇ ತಲುಪಿಸುತ್ತೇವೆ. ಎಷ್ಟು ಲೀಟರ್ ಬೇಕೆಂದು ವಾಟ್ಸ್ಆ್ಯಪ್ ಮಾಡಿ.’

ಬೆಲೆ ಹಾಕಲು ವ್ಯಾಪಾರಿಗಳು ಹೆದರುತ್ತಾರೆ, ಪಕ್ಕದ ಅಂಗಡಿಯವರಿಗೆ ಗೊತ್ತಾಗುತ್ತದೆ ಎಂದು. ಪಕ್ಕದವರಿಗೆ ಅದು ಈಗಾಗಲೇ ಗೊತ್ತಿರುತ್ತದೆ. ಬೆಲೆ ಹಾಕದಿದ್ದರೆ ‘ರೇಟ್ ಎಷ್ಟು’ ಎಂದು ಕೇಳಿ ಮಾಯವಾಗುವ ನೂರು ಜನರಿಗೆ ನೀವು ದುಡ್ಡು ಕೊಟ್ಟಂತಾಗುತ್ತದೆ. ಹಾಕಿದರೆ ಮೆಸೇಜ್ ಕಡಿಮೆ ಬರುತ್ತವೆ, ಬಂದವರು ಕೊಳ್ಳುವ ಮನಸ್ಸು ಮಾಡಿ ಬಂದಿರುತ್ತಾರೆ.

ವಿಡಿಯೊ ಎಂದರೆ ಸ್ಟುಡಿಯೊ ಬೇಕಿಲ್ಲ. ಗಾಣದಿಂದ ಎಣ್ಣೆ ಇಳಿಯುವುದನ್ನು ಫೋನು ಉದ್ದಕ್ಕೆ ಹಿಡಿದು ಅರ್ಧ ನಿಮಿಷ ತೆಗೆಯಿರಿ, ಮೊದಲ ಮೂರು ಸೆಕೆಂಡಿನಲ್ಲಿ ಎಣ್ಣೆ ಕಾಣಲಿ, ಮಾಲೀಕರೋ ಮನೆಯವರೋ ತಮ್ಮ ಮಾತಿನಲ್ಲೇ ಮಾತಾಡಲಿ. ನಮ್ಮ ಕಡೆಯ ಮಾತಿನ ಧಾಟಿ ಕೇಳಿದಾಕ್ಷಣ ನಮ್ಮವರು ಕೈ ನಿಲ್ಲಿಸುತ್ತಾರೆ. ಅಕ್ಷರಗಳನ್ನೂ ದೊಡ್ಡದಾಗಿ ಹಾಕಿ, ಎಷ್ಟೋ ಜನ ಸದ್ದು ಬಂದ್ ಮಾಡಿಕೊಂಡೇ ನೋಡುತ್ತಾರೆ. ಚಿತ್ರದಲ್ಲಿ ಶೇ 20ಕ್ಕಿಂತ ಹೆಚ್ಚು ಅಕ್ಷರ ಇರಬಾರದು ಎಂಬ ಹಳೆಯ ನಿಯಮ 2020ರಲ್ಲೇ ಹೋಯಿತು. ಸಿನಿಮಾ ಹಾಡು ಮಾತ್ರ ಬೇಡ. ರೀಲ್ಸ್‌ಗೆ ಹಾಡು ಹಾಕಿ ಚೆನ್ನಾಗಿ ಓಡಿದ ಮೇಲೆ ಬೂಸ್ಟ್ ಮಾಡಲು ಹೋದರೆ ಹಕ್ಕುಸ್ವಾಮ್ಯದ ಕಾರಣಕ್ಕೆ ತಡೆ ಬೀಳುತ್ತದೆ. ಗಾಣದ ಸದ್ದನ್ನೇ ಬಿಡಿ. ಹಾಗೆಯೇ, ನೋಡುವವರ ಸಂಖ್ಯೆ ಏರಲೆಂದು ವಾಣಿವಿಲಾಸ ಸಾಗರದ ದೃಶ್ಯ ಸೇರಿಸುವುದೂ ಬೇಡ. 2022ರಲ್ಲಿ 89 ವರ್ಷಗಳ ಬಳಿಕ ಕೋಡಿ ಹರಿದ ಆ ಜಲಾಶಯದ ವಿಡಿಯೊ ಎಂದರೆ ರಾಜ್ಯವೆಲ್ಲ ನೋಡುತ್ತದೆ, ನಿಜ. ಅವರು ನೋಡಲು ಬಂದವರೇ ಹೊರತು ಎಣ್ಣೆಗೆ ಬಂದವರಲ್ಲ. ಜಲಾಶಯದ ಹತ್ತಿರ ಹೋಟೆಲ್ ಇಟ್ಟವರ ಮಾತು ಬೇರೆ.

‘ರಿಜೆಕ್ಟೆಡ್’ ಎಂಬ ಕೆಂಪು ಅಕ್ಷರ ಎಲ್ಲರಿಗೂ ಒಮ್ಮೆಯಾದರೂ ಕಾಣುತ್ತದೆ. ಪರಿಶೀಲನೆ ಬಹುಪಾಲು ಯಂತ್ರದ್ದು, ಸಾಮಾನ್ಯವಾಗಿ 24 ಗಂಟೆಯೊಳಗೆ ಮುಗಿಯುತ್ತದೆ. ‘ನಿಮಗೆ ಶುಗರ್ ಇದೆಯೇ? ಬಿಪಿ ಇದೆಯೇ?’ ಎಂದು ಶುರುಮಾಡಿದರೆ ಹೋಯಿತು, ನೋಡುವವರ ಕಾಯಿಲೆಯನ್ನು ಎತ್ತಿ ಆಡುವುದಕ್ಕೆ ಅವಕಾಶವಿಲ್ಲ. ಎಣ್ಣೆಯಿಂದ ಹೃದ್ರೋಗ ವಾಸಿಯಾಗುತ್ತದೆ ಎನ್ನುವುದು ನೆಲದ ಕಾನೂನಿಗೂ ವಿರುದ್ಧ. 2006ರ ಆಹಾರ ಸುರಕ್ಷತೆ ಕಾಯ್ದೆಯಡಿ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡವಿದೆ. ಅದರ ಬದಲು ಎಫ್‌ಎಸ್‌ಎಸ್‌ಎಐ ನಂಬರ್ ಕಾಣುವಂತೆ ಬಾಟಲಿ ತೋರಿಸಿ, ನಂಬಿಕೆ ತಾನಾಗಿ ಬರುತ್ತದೆ. ಕುರಿ, ಮೇಕೆ, ಹಸು ಮಾರಾಟದ ಪೋಸ್ಟುಗಳು ನಮ್ಮ ಕಡೆ ಜಾಸ್ತಿ. ಖಾಸಗಿ ವ್ಯಕ್ತಿಗಳ ನಡುವೆ ಜೀವಂತ ಪ್ರಾಣಿಗಳ ಮಾರಾಟಕ್ಕೆ ಮೆಟಾ ಒಪ್ಪುವುದಿಲ್ಲ, ಆ ದಾರಿಗೆ ದುಡ್ಡು ಹಾಕಬೇಡಿ. ಏನೂ ತಪ್ಪಿಲ್ಲದೆ ತಿರಸ್ಕೃತವಾದರೆ ‘ರಿಕ್ವೆಸ್ಟ್ ರಿವ್ಯೂ’ ಒತ್ತಿ ಕಾಯಿರಿ. ಸಿಟ್ಟಿಗೆದ್ದು ಅದೇ ಜಾಹೀರಾತನ್ನು ಮತ್ತೆ ಮತ್ತೆ ಹಾಕಿದರೆ ಇಡೀ ಅಕೌಂಟಿಗೇ ನಿರ್ಬಂಧ ಬೀಳುತ್ತದೆ. ಆಮೇಲೆ ಅಹವಾಲು ಹೇಳಿಕೊಳ್ಳಲು ಒಬ್ಬ ಮನುಷ್ಯ ಸಿಗುವುದೇ ಕಷ್ಟ. ಸಣ್ಣವರ ವಿಷಯದಲ್ಲಿ ಇಷ್ಟು ದೊಡ್ಡ ಕಂಪನಿ ತೋರುವ ಈ ಉಪೇಕ್ಷೆ ನನಗೆ ಅನ್ಯಾಯವಾಗಿಯೇ ಕಾಣುತ್ತದೆ.

ಆ ಉಪೇಕ್ಷೆಯನ್ನೇ ಬಂಡವಾಳ ಮಾಡಿಕೊಂಡ ಕಳ್ಳರೂ ಇದ್ದಾರೆ. ‘ನಿಮ್ಮ ಪುಟ ಕಾಪಿರೈಟ್ ಉಲ್ಲಂಘಿಸಿದೆ, 24 ಗಂಟೆಯಲ್ಲಿ ಅಳಿಸುತ್ತೇವೆ, ಈ ಲಿಂಕ್ ಒತ್ತಿ’ ಎಂದು ಮೆಟಾದ ಲಾಂಛನ ಹಾಕಿಕೊಂಡು ಮೆಸೆಂಜರಿಗೆ ಬರುವ ಮೆಸೇಜ್ ಅವರದು. ಒತ್ತಿ ಪಾಸ್‌ವರ್ಡ್ ಕೊಟ್ಟರೆ ಪುಟ ಅವರ ಕೈಗೆ ಹೋಗುತ್ತದೆ, ನಿಮ್ಮ ದುಡ್ಡಿನಲ್ಲಿ ಅವರ ಜಾಹೀರಾತು ಓಡುತ್ತದೆ. ಟೂ ಫ್ಯಾಕ್ಟರ್ ಹಾಕಿಡಿ. ದುಡ್ಡು ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಪುಟಕ್ಕೆ ಮನೆಯವರೇ ಇಬ್ಬರು ಅಡ್ಮಿನ್ ಇರಲಿ. ಕೆಲಸ ವಹಿಸಿಕೊಟ್ಟ ಹುಡುಗರಿಗೆ ಅಥವಾ ಏಜೆನ್ಸಿಗೆ ಜಾಹೀರಾತು ನಡೆಸುವಷ್ಟು ಅಧಿಕಾರ ಸಾಕು. ಪುಟವನ್ನೇ ಅವರ ಹೆಸರಿನಲ್ಲಿ ಮಾಡಿಸಿದ್ದರಿಂದ, ಮುನಿಸು ಬಂದ ದಿನ ನಾಲ್ಕು ವರ್ಷದ ಗಿರಾಕಿಗಳನ್ನು ಕಳೆದುಕೊಂಡ ಅಂಗಡಿಗಳಿವೆ.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ದುಡ್ಡು ಹುಟ್ಟುವುದು ವಾಟ್ಸ್ಆ್ಯಪಿನ ಉತ್ತರದಲ್ಲಿ. ರಾತ್ರಿ ಒಂಬತ್ತಕ್ಕೆ ಬಂದ ಮೆಸೇಜಿಗೆ ಮಾರನೆಯ ಮಧ್ಯಾಹ್ನ ‘ಹಲೋ ಸರ್’ ಎಂದರೆ ಆ ಗಿರಾಕಿ ಆಗಲೇ ಬೇರೆ ಕಡೆ ಕೊಂಡಿರುತ್ತಾರೆ. ವಾಟ್ಸ್ಆ್ಯಪ್ ಬಿಸಿನೆಸ್ಸಿನಲ್ಲಿ ಬೆಲೆ, ವಿಳಾಸ, ಸಮಯವಿರುವ ಸ್ವಾಗತ ಸಂದೇಶವನ್ನು ಮೊದಲೇ ಬರೆದಿಡಿ. ಕೊನೆಯಲ್ಲಿ ‘ಎಷ್ಟು ಲೀಟರ್, ಯಾವ ಊರಿಗೆ?’ ಎಂಬ ಪ್ರಶ್ನೆ ಇರಲಿ. ‘ಕೇಳಿದರು’, ‘ಕೊಂಡರು’, ‘ಮತ್ತೆ ಬಂದರು’ ಎಂದು ಲೇಬಲ್ ಹಚ್ಚುತ್ತಾ ಹೋಗಿ.

ಆ ಲೇಬಲ್ಲುಗಳೇ ನಿಮ್ಮ ಲೆಕ್ಕದ ಪುಸ್ತಕ. ತೆರಿಗೆ ಸೇರಿ 1,180 ರೂಪಾಯಿ ಹಾಕಿದಿರಿ, 60 ಜನ ಮಾತಿಗೆ ಬಂದರು, 6 ಜನ ಕೊಂಡರು ಎಂದುಕೊಳ್ಳೋಣ. ಒಬ್ಬ ಗಿರಾಕಿಗೆ ಬಿದ್ದ ಖರ್ಚು ಸುಮಾರು 197 ರೂಪಾಯಿ. ಐದು ಲೀಟರ್ ಕ್ಯಾನಿಗೆ ನಿಮಗೆ ಉಳಿಯುವುದು 150 ಎಂದರೆ ತಲೆಗೆ 47 ರೂಪಾಯಿ ನಷ್ಟ. ಅವರಲ್ಲಿ ಮೂವರು ಮುಂದಿನ ತಿಂಗಳು ಜಾಹೀರಾತಿಲ್ಲದೆ ಮತ್ತೆ ಬಂದರೆ 450 ರೂಪಾಯಿ ಸೇರಿ ಒಟ್ಟು ಲೆಕ್ಕ ಲಾಭಕ್ಕೆ ತಿರುಗುತ್ತದೆ. ಎಣ್ಣೆ, ಹಾಲು, ರೊಟ್ಟಿ, ಬಟ್ಟೆ ಹೊಲಿಗೆಯಂಥ ತಿರುತಿರುಗಿ ಕೊಳ್ಳುವ ವ್ಯಾಪಾರಕ್ಕೆ ಈ ದಾರಿ ಒದಗುತ್ತದೆ. ಒಮ್ಮೆ ಕೊಂಡರೆ ಹತ್ತು ವರ್ಷ ಬಾರದ, ಲಾಭವೂ ತೆಳುವಾದ ಸರಕಿಗೆ ಗೂಗಲ್ ಮ್ಯಾಪಿನಲ್ಲಿ ಪುಕ್ಕಟೆ ಅಂಗಡಿ ಹೆಸರು ಹಾಕಿಸಿ ಒಳ್ಳೆಯ ಫೋಟೊ ಇಡುವುದೇ ಮೇಲು. ಬೆಂಗಳೂರಿನ ಪೀಣ್ಯ, ದಾಸರಹಳ್ಳಿ ಕಡೆ ನೆಲೆಸಿದ ನಮ್ಮವರಿಗೆ ಕಳಿಸುವ ಆಸೆ ಇದ್ದರೆ, ಕೆಎಸ್‌ಆರ್‌ಟಿಸಿಯ ನಮ್ಮ ಕಾರ್ಗೋದಲ್ಲೋ ಕೊರಿಯರಿನಲ್ಲೋ ಒಂದು ಕ್ಯಾನಿಗೆ ಎಷ್ಟಾಗುತ್ತದೆ ಎಂದು ಮೊದಲು ವಿಚಾರಿಸಿ, ಅದನ್ನೂ ಸೇರಿಸಿದ ಬೆಲೆಯನ್ನೇ ಜಾಹೀರಾತಿನಲ್ಲಿ ಹಾಕಿ.

ಕೊಂಡವರನ್ನು ಬ್ರಾಡ್‌ಕಾಸ್ಟ್ ಲಿಸ್ಟಿಗೆ ಸೇರಿಸಿಕೊಳ್ಳಿ, ಒಂದು ಲಿಸ್ಟಿನಲ್ಲಿ 256 ಜನರವರೆಗೆ ಆಗುತ್ತದೆ. ಆದರೆ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಆ ಮೆಸೇಜ್ ಮುಟ್ಟುತ್ತದೆ. ಆದ್ದರಿಂದ ಕ್ಯಾನ್ ಕೈಗಿಡುವಾಗಲೇ, ‘ಅಕ್ಕ, ನಂಬರ್ ಸೇವ್ ಮಾಡ್ಕಳಿ, ಹೊಸ ಎಣ್ಣೆ ತೆಗೆದ ದಿನ ತಿಳಿಸ್ತೀನಿ’ ಎಂದು ಕೇಳಿ, ಅವರು ಸೇವ್ ಮಾಡಿಕೊಳ್ಳುವವರೆಗೆ ಒಂದು ನಿಮಿಷ ನಿಲ್ಲಿ.